ತಾರಾನಾಥನ ರಾಜೀನಾಮೆ

ಎಲ್ಲ ಶುರುವಾದದ್ದು ತಣ್ಣಗಾದ ಕೋಳಿಸಾರಿನಿಂದ.

ಡೊಂಬಿವಲಿ ಪೂರ್ವದ ಮೂರನೇ ಮಾಳಿಗೆಯ ಮನೆಯಲ್ಲಿ ಜಯಲತಾ ಪ್ರತಿ ಭಾನುವಾರ ಕೋರಿ ರೊಟ್ಟಿ ಮಾಡುತ್ತಾಳೆ. ಅವಳ ಗಂಡ ತಾರಾನಾಥ ಅದನ್ನು ಬಿಸಿಬಿಸಿಯಾಗಿ ತಿಂದು ಹದಿನಾಲ್ಕು ವರ್ಷವಾಗಿತ್ತು. ವಾರದ ಆರು ದಿನ ಅವನು ಭಿವಂಡಿಯ ಒಂದು ಗೋದಾಮಿನಲ್ಲಿ ಗುಮಾಸ್ತ, ಏಳನೆಯ ದಿನ ಕನ್ನಡ ಸಂಘದ ಸೆಕ್ರೆಟರಿ. ತಟ್ಟೆಗೆ ಸಾರು ಬಿದ್ದ ಸದ್ದು ಕೇಳಿದ ಹಾಗೆ ಸರಿಯಾಗಿ ಆಗಲೇ ಫೋನು ಬರುತ್ತದೆ. ಸಂಘದ ಹಾಲ್‌ನ ಕೀಲಿ ಯಾರ ಹತ್ತಿರ ಉಂಟು? ಹಾರಕ್ಕೆ ಹೇಳಿದ್ದೀರಾ? ಮೈಕಿನವನು ಕಲ್ಯಾಣದಲ್ಲೇ ಇದ್ದಾನಂತಲ್ಲ? ತಾರಾನಾಥ ಎದ್ದು ಹೋದನೆಂದರೆ ರೊಟ್ಟಿ ನೆನೆದು ಗಂಜಿಯಾಗುವ ತನಕ ವಾಪಸಿಲ್ಲ.

ಕಳೆದ ತಿಂಗಳು ಜಯಲತಾ ಸೌಟನ್ನು ಕೆಳಗಿಟ್ಟಳು.

"ನೋಡಿ, ಈ ಸಲದ ವಾರ್ಷಿಕೋತ್ಸವವೇ ಕೊನೆ. ಅದು ಮುಗಿದ ಮೇಲೂ ನೀವು ಸೆಕ್ರೆಟರಿ ಆಗಿದ್ದರೆ, ಪ್ರತಿ ಭಾನುವಾರ ನಾನು ಮಗಳನ್ನು ಕರ್ಕೊಂಡು ಕೋಪರಖೈರಣೆಗೆ ಅಕ್ಕನ ಮನೆಗೆ ಹೋಗ್ತೇನೆ. ನೀವು ಸಂಘದ ಬ್ಯಾನರ್ ಬೇಯಿಸಿ ತಿನ್ನಿ."

"ಪಪ್ಪಾ, ಮಮ್ಮಿ ಸೀರಿಯಸ್ ಹೈ," ಎಂದಳು ಮಗಳು ಅನುಷ್ಕಾ, ಮೊಬೈಲಿನಿಂದ ತಲೆ ಎತ್ತದೆ.

ರಾಜೀನಾಮೆ ಬರೆಯುವುದು ತಾರಾನಾಥನಿಗೆ ಹೊಸದಲ್ಲ. ಈಗಾಗಲೇ ಐದು ಸಲ ಬರೆದಿದ್ದ. ತೊಡಕಿದ್ದದ್ದು ಸಂಘದ ಒಂದು ಪದ್ಧತಿಯಲ್ಲಿ. ಯಾವ ಪುಸ್ತಕದಲ್ಲೂ ಬರೆದಿರದಿದ್ದರೂ ಅದನ್ನು ಯಾರೂ ಮುರಿದಿರಲಿಲ್ಲ: ಹೋಗುವವನು ತನ್ನ ಜಾಗಕ್ಕೆ ಒಬ್ಬನನ್ನು ತಂದು ಕೂರಿಸಿ ಹೋಗಬೇಕು. ಬದಲಿ ಸಿಗದಿದ್ದರೆ ರಾಜೀನಾಮೆಯನ್ನು ಸಭೆ ಸರ್ವಾನುಮತದಿಂದ ತಿರಸ್ಕರಿಸುತ್ತದೆ, ಚಪ್ಪಾಳೆಯೊಂದಿಗೆ. ತಾರಾನಾಥ ಬದಲಿಯನ್ನು ಹುಡುಕದ ಜಾಗವಿರಲಿಲ್ಲ. ಕೊನೆಕೊನೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಅವನ ಮುಖ ಕಂಡರೆ ಸಾಕು, ಕನ್ನಡಿಗರು ಎದುರಿಗೆ ಬಂದ ಲೋಕಲ್ ಹತ್ತಿಬಿಡುತ್ತಿದ್ದರು, ಅದು ಎಲ್ಲಿಗೆ ಹೋಗುತ್ತದೆಂದೂ ನೋಡದೆ.

ಆರನೆಯ ರಾಜೀನಾಮೆಯನ್ನು ಅಧ್ಯಕ್ಷ ಪುಂಡರೀಕಾಕ್ಷರಾಯರು ಕನ್ನಡಕ ಏರಿಸಿ ಓದಿದರು. ಮೈಸೂರು ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಯಾವ ಕಾಗದವನ್ನೂ ಎರಡು ಸಲ ಓದದೆ ಬಿಡುವವರಲ್ಲ.

"ಏನ್ ಸ್ವಾಮಿ ಇದು, ಮತ್ತೆ ಶುರು ಮಾಡಿದ್ರಾ?"

"ಈ ಸಲ ಮನೆಯಲ್ಲಿ ನೋಟೀಸು ಕೊಟ್ಟಿದ್ದಾರೆ ಸರ್."

ಪಕ್ಕದಲ್ಲಿದ್ದ ಸಮಿತಿಯ ಸದಸ್ಯ ಸಂಗಮೇಶ ಬಾಗಿಯವರು ನಕ್ಕರು. ಅವರು ವಿಜಯಪುರದವರು. ಸಂಘದ ಮೈಕು ಕೆಟ್ಟ ದಿನವೂ ಕೊನೆಯ ಸಾಲಿಗೆ ಕೇಳಿಸುವ ಕಂಠ. "ಅಧ್ಯಕ್ಷರs, ಒಂದು ಕೆಲಸ ಮಾಡೋಣ. ವಾರ್ಷಿಕೋತ್ಸವದ ದಿನ ಐತಾಳರನ್ನ ಇಂವ ವೇದಿಕೆ ಮ್ಯಾಲೆ ತಂದು ಕೂಡಿಸ್ಲಿ, ಸಂಜೀ ಐದಕ್ಕ ಸರಿಯಾಗಿ. ತಂದಾ ಅಂದ್ರ ಬದಲಿ ಗಿದಲಿ ಏನೂ ಬ್ಯಾಡ, ಬಿಟ್ಟು ಬಿಡೋಣ. ಒಂದ್ ನಿಮಿಷ ತಡಾ ಆತೋ, ಮುಂದಿನ ವರ್ಷ ನೋಡೂಣಂತ."

ಇಬ್ಬರೂ ಮುಸಿಮುಸಿ ನಕ್ಕದ್ದಕ್ಕೆ ಕಾರಣವಿತ್ತು. ಯಜ್ಞೇಶ್ವರ ಐತಾಳರು ಆರು ವರ್ಷಗಳಿಂದ ಯಾರ ಸನ್ಮಾನಕ್ಕೂ ಹೋದವರಲ್ಲ.

ಐತಾಳರೆಂದರೆ ಠಾಣೆಯಿಂದ ಕಲ್ಯಾಣದವರೆಗೆ ಗೊತ್ತಿಲ್ಲದವರಿಲ್ಲ. ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ದುಡಿದು, ಆಮೇಲೆ ಹೆಗಲ ಮೇಲೆ ಏಣಿ ಹೊತ್ತು ಡೊಂಬಿವಲಿಯ ಕಟ್ಟಡದಿಂದ ಕಟ್ಟಡಕ್ಕೆ ಕೇಬಲ್ ಎಳೆದ ಮನುಷ್ಯ. ಆ ಕೇಬಲಿನಲ್ಲೇ 'ಆಸ್‌ಪಾಸ್' ಎಂಬ ಚಾನೆಲ್ ಶುರುಮಾಡಿದರು. ಪರದೆಯ ಮೇಲೆ ಸಿನಿಮಾ, ಪರದೆಯ ಕೆಳಗೆ ಓಡುವ ಒಂದು ಪಟ್ಟಿ. ನಾಳೆ ನೀರಿಲ್ಲ. ಕೆಂಪು ಫ್ರಾಕಿನ ಹುಡುಗಿ ಕಾಣೆಯಾಗಿದ್ದಾಳೆ. ಇಂತಿಂಥ ಆಸ್ಪತ್ರೆಗೆ ಬಿ ಪಾಸಿಟಿವ್ ರಕ್ತ ಬೇಕು. ಮೇಲೆ ಹೀರೋ ವಿಲನ್ನನಿಗೆ ಹೊಡೆಯುತ್ತಿದ್ದರೂ ಊರೆಲ್ಲ ನೋಡುತ್ತಿದ್ದದ್ದು ಕೆಳಗಿನ ಪಟ್ಟಿಯನ್ನು. ಕೆಂಪು ಫ್ರಾಕಿನ ಹುಡುಗಿ ಇಂಟರ್ವಲ್‌ಗೆ ಮೊದಲೇ ಸಿಕ್ಕಳು. ಚಾನೆಲ್ ಒಂದು ನಾಲ್ಕಾಯಿತು, ಪತ್ರಿಕೆ ಬಂತು, ಘೋಡಬಂದರ್ ರಸ್ತೆಯಲ್ಲಿ ಮನೆ ಬಂತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಅದರಿಂದ ಒಂದು ಟ್ರಸ್ಟ್ ಹುಟ್ಟಿತು. ಟ್ರಸ್ಟಿನಿಂದ ಆಂಬುಲೆನ್ಸು, ಕಣ್ಣಿನ ಶಿಬಿರ, ರಕ್ತದಾನ, ಓದುವ ಮಕ್ಕಳಿಗೆ ಕೋಣೆ. ಇಂಥ ಮನುಷ್ಯನಿಗೆ ತಾರಾನಾಥ ಹನ್ನೊಂದು ಕಾಗದ ಬರೆದ. ಹನ್ನೆರಡನೆಯದಕ್ಕೆ ಸ್ವತಃ ಅವರೇ ಫೋನ್ ಮಾಡಿದರು.

"ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬನ್ನಿ. ಒಂದೆರಡು ಸಣ್ಣ ಕೆಲಸ ಉಂಟು, ಮುಗಿಸಿ ಒಟ್ಟಿಗೆ ಹೋಗುವ."

ಫೋನು ಇಟ್ಟ ಮೇಲೂ ತಾರಾನಾಥ ಐದು ನಿಮಿಷ ನಿಂತೇ ಇದ್ದ. ಕುಳಿತುಕೊಂಡು ಕೇಳುವ ಧ್ವನಿಯಲ್ಲ ಅದು ಎಂದು ಅವನಿಗೆ ಅನ್ನಿಸಿತ್ತು.

ಭಾನುವಾರ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಮೂರು ವಾರ ಕೂತು ಬರೆದ ನಾಲ್ಕು ಪುಟದ ಸನ್ಮಾನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ಬಾಗಿಲು ತೆರೆದದ್ದು ಐತಾಳರ ಹೆಂಡತಿ ಸತ್ಯಭಾಮಮ್ಮ. ಸಂತೆಯಲ್ಲಿ ಕುಂಬಳಕಾಯಿ ಆರಿಸುವವರ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವರು ಪರವಾಗಿಲ್ಲ ಕಾಣ್ತದೆ," ಎಂದು ಒಳಗೆ ಕೂಗಿ ಹೇಳಿದರು.

ಒಳಗೆ ಐತಾಳರು ನೆಲದಲ್ಲಿ ಕೂತು ಶಾಲುಗಳನ್ನು ಮಡಚಿ ಗಂಟು ಕಟ್ಟುತ್ತಿದ್ದರು. ಅರುವತ್ತೆಂಟರ ತೆಳ್ಳಗಿನ ಜೀವ, ಅರ್ಧ ತೋಳಿನ ಅಂಗಿ.

"ಹಳೇ ಸನ್ಮಾನದ್ದು. ವೃದ್ಧಾಶ್ರಮಕ್ಕೆ ಕೊಡ್ಲಿಕ್ಕೆ. ಜನ ನನಗೆ ಚಳಿ ಆಗ್ತದೆ ಅಂತ ಯಾಕೆ ತಿಳ್ಕೊಂಡಿದ್ದಾರೋ ಗೊತ್ತಿಲ್ಲ. ನೀವು ತಾರಾನಾಥ ಅಲ್ವಾ? ಆ ಗಂಟು ಸ್ವಲ್ಪ ಹಿಡೀತೀರಾ?"

"ಅದಕ್ಕೇನು ಸರ್," ಎಂದ ತಾರಾನಾಥ. ಇಷ್ಟು ದೊಡ್ಡ ಮನುಷ್ಯ ತನ್ನ ಕೈಗೆ ಗಂಟು ಕೊಟ್ಟರಲ್ಲ ಎಂದು ಅವನ ಕಣ್ಣು ತೇವವಾಯಿತು. ಗಂಟು ಸುಮಾರು ಅಕ್ಕಿಮೂಟೆಯಷ್ಟು ಭಾರವಿತ್ತು.

ಮೊದಲ ಸಣ್ಣ ಕೆಲಸ ಕೋಪರಖೈರಣೆಯಲ್ಲಿ. ಮಾರ್ಕೆಟ್ಟಿನ ಪಕ್ಕ ಶಾಮಿಯಾನ ಹಾಕಿ ರಕ್ತದಾನ ಶಿಬಿರ. ಡಾಕ್ಟರು ಇದ್ದರು, ಮಂಚ ಇತ್ತು, ಬಿಸ್ಕಿಟ್ ಇತ್ತು, ಕೊಡುವವರು ಮಾತ್ರ ಇರಲಿಲ್ಲ.

"ನನ್ನದು ವಯಸ್ಸು ಮೀರಿತು, ತಗೊಳ್ಳುವುದಿಲ್ಲ ಅಂತಾರೆ," ಎಂದು ಐತಾಳರು ಶಾಲೆಗೆ ಸೇರಿಸಿಕೊಳ್ಳದ ಮಗುವಿನ ಹಾಗೆ ಬೇಜಾರು ಮಾಡಿಕೊಂಡರು. "ನೀವು ಇದ್ದೀರಲ್ಲ."

ತಾರಾನಾಥನಿಗೆ ಸೂಜಿಯೆಂದರೆ ಭಯ. 'ಆಗುವುದಿಲ್ಲ' ಎನ್ನಲು ಬಾಯಿ ತೆರೆದ. ಆದರೆ ಅವರ ಮುಖ ನೋಡಿದ. ಏಣಿ ಹೊತ್ತ ಆ ಹೆಗಲು ನೋಡಿದ. "ಆಗಲಿ ಸರ್," ಎಂದಿತು ಬಾಯಿ. ಮಂಚದಿಂದ ಎದ್ದದ್ದೇ ಅವನ ಕೈಗೆ ಮೈಕು ಬಂತು.

"ನಾಲ್ಕು ಜನರನ್ನು ಕರೀರಿ ಮಾರಾಯ್ರೆ. ನೀವು ಕೊಟ್ಟವರು, ನೀವು ಕರೆದರೆ ಬರ್ತಾರೆ."

ತಾರಾನಾಥ ಕರೆದ. ಮರಾಠಿಯಲ್ಲಿ ಶುರುಮಾಡಿ, ಹಿಂದಿಗೆ ಹಾರಿ, ಕನ್ನಡಕ್ಕೆ ಬಂದು, ಸಿಟ್ಟು ಬಂದಾಗ ತುಳುವಿಗೆ ಇಳಿದು ಕರೆದ. ಈರುಳ್ಳಿಯವನು ತಕ್ಕಡಿ ಬಿಟ್ಟು ಬಂದ. ಹಮಾಲರು ಬಂದರು. ಜಯಲತಾಳ ಭಾವ, ಬದಲಿ ಹುಡುಕಾಟದ ಕಾಲದಲ್ಲಿ ಮೂರು ಸಲ ತಪ್ಪಿಸಿಕೊಂಡಿದ್ದವರು, ಮೀನು ಕೊಳ್ಳಲು ಬಂದು ಸಿಕ್ಕಿಬಿದ್ದರು. ಒಂದು ಗಂಟೆಯಲ್ಲಿ ಐವತ್ತೆರಡು ಬಾಟಲಿ. ಐತಾಳರು ಮೂಲೆಯಲ್ಲಿ ಕುರ್ಚಿ ಹಾಕಿ ಕೂತು, ಮದುವೆ ನಿಶ್ಚಯವಾದ ಮಗಳ ಅಪ್ಪನ ಹಾಗೆ ನಗುತ್ತಿದ್ದರು.

"ಇನ್ನು ಭಿವಂಡಿ. ಅರ್ಧ ಗಂಟೆಯ ಕೆಲಸ."

ತಾರಾನಾಥ ಗಡಿಯಾರ ನೋಡಿದ. ಹನ್ನೆರಡೂವರೆ. ದಾರಿಯಲ್ಲಿ ವೃದ್ಧಾಶ್ರಮಕ್ಕೆ ಶಾಲಿನ ಗಂಟು ಕೊಟ್ಟು ಭಿವಂಡಿ ಮುಟ್ಟುವಾಗ ಎರಡು ದಾಟಿತ್ತು.

ಅಲ್ಲಿ ಮಗ್ಗದ ಕೆಲಸಗಾರರಿಗೆ ಕಣ್ಣಿನ ತಪಾಸಣೆ. ವರ್ಷಗಟ್ಟಲೆ ನೂಲು ನೋಡಿ ನೋಡಿ ಕಣ್ಣು ಸವೆದವರು, ಒಂದು ಶಾಲೆಯ ಅಂಗಳ ತುಂಬ. ಒಬ್ಬ ಮುದುಕ ಐತಾಳರ ಕೈ ಹಿಡಿದು, "ಸಾಬ್, ಪಿಛ್ಲೇ ಸಾಲ್ ಆಪ್ನೇ ಚಶ್ಮಾ ದಿಯಾ, ತೋ ಪೋತೀ ಕಾ ಮುಂಹ್ ದೇಖಾ," ಎಂದು ಅತ್ತ. ಕಳೆದ ವರ್ಷ ಕೊಟ್ಟ ಕನ್ನಡಕದಲ್ಲಿ ಮೊಮ್ಮಗಳ ಮುಖ ಕಂಡೆನೆಂಬುದು ಅವನ ಸುಖ. ಐತಾಳರು ಅವನ ಕನ್ನಡಕ ತೆಗೆದು ತಮ್ಮ ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿದರು. ಅದನ್ನು ನೋಡಿದ ತಾರಾನಾಥನಿಗೆ ತನ್ನ ನಾಲ್ಕು ಪುಟದ ಸನ್ಮಾನ ಪತ್ರ ಎಷ್ಟು ಬಡಕಲು ಎನ್ನಿಸಿತು. ರಕ್ತ ಕೊಟ್ಟ ತಲೆ ಬೇರೆ ಸ್ವಲ್ಪ ತಿರುಗುತ್ತಿತ್ತು. ಕಂಡ ಸಾಲಿನಲ್ಲಿ ಖಾಲಿ ಕುರ್ಚಿಯೊಂದರಲ್ಲಿ ಕೂತ.

ಅದು ಕಣ್ಣಿಗೆ ಹನಿ ಹಾಕಿಸಿಕೊಳ್ಳುವವರ ಸಾಲು.

ನರ್ಸು ಬಂದಳು, ಗದ್ದ ಹಿಡಿದು ತಲೆ ಎತ್ತಿದಳು. "ನಾನು ಪೇಶೆಂಟಲ್ಲ" ಎನ್ನಲು ತಾರಾನಾಥ ಬಾಯಿ ತೆರೆದಾಗ ಹನಿ ಕಣ್ಣಿಗೆ ಬಿದ್ದಿತ್ತು. ಅಷ್ಟು ಹೊತ್ತಿಗೆ ಇನ್ನೊಂದು ಕಣ್ಣನ್ನೂ ಬಿಡುವುದು ಸರಿಯಲ್ಲವೆಂದು ಅವನಿಗೇ ಅನ್ನಿಸಿತು. ಅರ್ಧ ಗಂಟೆಯಲ್ಲಿ ಜಗತ್ತು ಹಾಲಿಗೆ ಬಿದ್ದ ಹಾಗಾಯಿತು. ದೂರದ್ದು ಬೆಳಕಾಗಿ ಕಣ್ಣು ಚುಚ್ಚುತ್ತಿತ್ತು, ಹತ್ತಿರದ ಅಕ್ಷರವೊಂದೂ ಕಾಣದು. ಫೋನು ಬಡಿದುಕೊಂಡಾಗ ಯಾರದೆಂದು ತಿಳಿಯದೆ ಒತ್ತಿದ.

"ಎಲ್ಲಿದ್ದೀಯೋ ಮಾರಾಯಾ!" ಬಾಗಿಯವರ ಕಂಠ ಶಾಲೆಯ ಅಂಗಳವನ್ನೆಲ್ಲ ತುಂಬಿತು. "ಮೂರೂವರಿ ಆತು! ಇಲ್ಲಿ ಮಂದಿ ಕುಂತಾರ!"

"ಭಿವಂಡಿಯಲ್ಲಿ. ಹೊರಟೆವು."

"ಭಿವಂಡ್ಯಾಗ? ಹಂಗಾರ ಮುಂದಿನ ವರ್ಷಾನೂ ನೀನs ಸೆಕ್ರೆಟರಿ, ಶುಭಾಶಯ!"

ಕಾರು ಹೆದ್ದಾರಿಗೆ ಬಂದು ಕಂಟೇನರ್ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಹಿಂದೆ ಆಂಬುಲೆನ್ಸೊಂದು ಕೂಗುತ್ತಿತ್ತು, ಐತಾಳರ ಟ್ರಸ್ಟಿನದೇ. ಒಳಗೊಬ್ಬ ಬಸುರಿ. ಐತಾಳರು ಕಾರಿನಿಂದ ಇಳಿದರು. ತಾರಾನಾಥನೂ ಇಳಿದ. ಎದುರಿಗಿದ್ದದ್ದು ಕಂಟೇನರೋ ಕಟ್ಟಡವೋ ಅವನಿಗೆ ಗೊತ್ತಾಗಲಿಲ್ಲ. ಸುಮ್ಮನೆ ಎರಡೂ ಕೈ ಎತ್ತಿ, "ಭಾವೂ, ಥಾಂಬಾ! ಬಾಯಿಲಾ ಜಾವೂ ದ್ಯಾ!" ಎಂದು, ನಿಂತು ಹೆಂಗಸಿಗೆ ದಾರಿ ಬಿಡಿರೆಂದು, ಮರಾಠಿಯಲ್ಲಿ ಬೊಬ್ಬೆ ಹಾಕಿದ. ಕಣ್ಣು ಕೆಂಪಗೆ, ತೋಳಿಗೆ ಪಟ್ಟಿ, ಕೆದರಿದ ತಲೆ. ಗಾಯಾಳುವೆಂದು ತಿಳಿದೋ ಹುಚ್ಚನೆಂದು ತಿಳಿದೋ, ಲಾರಿಗಳು ಒಂದೊಂದಾಗಿ ಸರಿದವು. ಆಂಬುಲೆನ್ಸು ದಾಟಿಹೋಯಿತು.

ಆಗ ಜಯಲತಾಳ ಫೋನು. "ಇಲ್ಲಿ ನಾಲ್ಕು ಇಪ್ಪತ್ತು. ಅವರದ್ದೇ ಆಂಬುಲೆನ್ಸ್ ಉಂಟಲ್ಲ, ಒಂದು ಕರೆಸಿ ಅದರಲ್ಲೇ ಕೂತು ಬರಬಾರದಾ?"

ತಾರಾನಾಥ ಹಿಂಜರಿಯುತ್ತ ಕೇಳಿದ. ಐತಾಳರು ನಕ್ಕರು. "ಅದರಲ್ಲಿ ಒಂದು ಸಲ ಮಲಗಿಕೊಂಡು ಹೋಗ್ಲಿಕ್ಕೆ ಉಂಟು, ಅದೇ ಸಾಕು. ಕೂತುಕೊಂಡು ಹೋಗುವುದು ಬೇಡ."

ಕಾರನ್ನು ಡ್ರೈವರಿಗೆ ಬಿಟ್ಟು ಇಬ್ಬರೂ ಒಳದಾರಿ ಹಿಡಿದಿದ್ದ ಒಂದು ಟೆಂಪೋ ಹತ್ತಿದರು. ಅದರ ತುಂಬ ಹತ್ತಿಬಟ್ಟೆಯ ಗಂಟುಗಳು. ನಾಲ್ಕು ಚಾನೆಲ್ಲುಗಳ ಒಡೆಯ ಗಂಟಿನ ಮೇಲೆ ಕೂತು ಕಾಲಾಡಿಸುತ್ತ, ಡ್ರೈವರನ ಮಗಳು ಎಷ್ಟನೇ ಕ್ಲಾಸೆಂದು ವಿಚಾರಿಸುತ್ತಿದ್ದರು. ಮಾಣಕೋಲಿಯ ಸೇತುವೆ ಮೇಲೆ ಗಾಳಿ ಬೀಸಿದಾಗ ಇಬ್ಬರೂ ನೂಲಿನ ಎಳೆಗಳಿಂದ ಬೆಳ್ಳಗಾದರು.

ಹಾಲ್‌ನ ಮುಂದೆ ಟೆಂಪೋ ನಿಂತಾಗ ಐದಕ್ಕೆ ಎರಡು ನಿಮಿಷ ಬಾಕಿ.

ಬಾಗಿಯವರು ಗಡಿಯಾರ ನೋಡಿದರು, ಐತಾಳರನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. "ತಂದs ಬಿಟ್ಟಾನಲ್ರೀ!" ಪುಂಡರೀಕಾಕ್ಷರಾಯರು ಮುಖ ಸಪ್ಪೆ ಮಾಡಿ, "ಮಾತು ಅಂದ್ರೆ ಮಾತು. ಕಾರ್ಯಕ್ರಮದ ಕೊನೇಲಿ ನಿಮ್ಮ ಬಿಡುಗಡೆ ಅನೌನ್ಸ್ ಮಾಡ್ತೀನಿ," ಎಂದರು. ಮುಂದಿನ ಸಾಲಿನಲ್ಲಿದ್ದ ಜಯಲತಾ ಗಂಡನತ್ತ ನೋಡಿ ನಕ್ಕಳು. ತಾರಾನಾಥನಿಗೆ ಕಂಡದ್ದು ಮಸುಕು ಮಸುಕಾದ ಒಂದು ಹಸಿರು ಸೀರೆ ಮಾತ್ರ. ಆದರೆ ನಗು ಗೊತ್ತಾಯಿತು.

ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಸನ್ಮಾನ ಪತ್ರ ಓದಬೇಕಾದವನು ತಾರಾನಾಥ. ಜೇಬಿನಿಂದ ನಾಲ್ಕು ಪುಟ ತೆಗೆದ. ಪುಟದ ಮೇಲೆ ಇರುವೆ ಹರಿದಾಡಿದ ಹಾಗೆ ಏನೋ ಕಪ್ಪಗಿತ್ತು. ಹತ್ತಿರ ಹಿಡಿದ, ದೂರ ಹಿಡಿದ. ಸಭೆ ಕೆಮ್ಮಿತು.

ಅವನು ಕಾಗದ ಮಡಚಿದ.

"ನನಗೆ ಇವತ್ತು ಓದ್ಲಿಕ್ಕೆ ಆಗುವುದಿಲ್ಲ. ಕಣ್ಣಿಗೆ ಮದ್ದು ಹಾಕಿದ್ದಾರೆ. ಹಾಗೇ ಹೇಳ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಅಪ್ಪನಿಗೆ ಕಲ್ಯಾಣದಲ್ಲಿ ಆಪರೇಶನ್. ರಕ್ತ ಬೇಕಿತ್ತು. ನನಗೆ ಈ ಊರಲ್ಲಿ ಯಾರೂ ಗೊತ್ತಿರಲಿಲ್ಲ. ಯಾರೋ ಹೇಳಿದರು ಅಂತ ಆಸ್‌ಪಾಸ್‌ಗೆ ಫೋನ್ ಮಾಡಿದೆ. ಕೆಳಗಿನ ಪಟ್ಟಿಯಲ್ಲಿ ನನ್ನ ಅಪ್ಪನ ಹೆಸರು ಓಡಿತು. ಒಂದು ಗಂಟೆಯಲ್ಲಿ ಹನ್ನೊಂದು ಜನ ಬಂದರು. ಒಬ್ಬನ ಹೆಸರೂ ನನಗೆ ಗೊತ್ತಿಲ್ಲ. ಅಪ್ಪ ಮತ್ತೆ ಒಂಬತ್ತು ವರ್ಷ ಇದ್ದರು. ಸೂಜಿಗೆ ಹೆದರಿ ನಾನು ಮಾತ್ರ ಯಾರಿಗೂ ಒಂದು ಹನಿ ಕೊಟ್ಟಿರಲಿಲ್ಲ. ಇವತ್ತು ಕೊಟ್ಟೆ. ಇಷ್ಟೇ ನನಗೆ ಹೇಳ್ಲಿಕ್ಕೆ ಇದ್ದದ್ದು."

ಬಾಗಿಯವರು ಟವೆಲ್ಲಿನಿಂದ ಮೂಗು ಒರೆಸಿಕೊಂಡರು, ಅದೂ ಕೊನೆಯ ಸಾಲಿಗೆ ಕೇಳಿಸಿತು.

ಐತಾಳರು ಮೈಕಿನ ಮುಂದೆ ಬಂದರು.

"ಜನ ನನ್ನದು ನಿಸ್ವಾರ್ಥ ಸೇವೆ ಅಂತಾರೆ. ಇವತ್ತು ನಿಜ ಹೇಳಿಬಿಡ್ತೇನೆ. ತೊಂಬತ್ತಮೂರರಲ್ಲಿ ನಾನು ಕೇಬಲ್ ಎಳೆಯುವವನು. ಇಲ್ಲಿ ಒಂದು ರಕ್ತದಾನ ಸಮಿತಿ ಇತ್ತು. ಅದರ ಅಧ್ಯಕ್ಷರು ಊರಿಗೆ ಹೊರಟವರು, 'ಐತಾಳಾ, ಒಂದು ತಿಂಗಳು ಮಾತ್ರ ನೋಡ್ಕೋ' ಅಂತ ಕೀಲಿ ಕೊಟ್ಟು ಹೋದರು. ಅವರು ಬರಲೇ ಇಲ್ಲ. ಅಲ್ಲೇ ಹೋಟೆಲು ಹಾಕಿದರಂತೆ. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಜನರನ್ನು ಕರೀಲಿಕ್ಕೆ ಪಟ್ಟಿ ಓಡಿಸಿದೆ, ಪಟ್ಟಿ ಓಡಿಸ್ಲಿಕ್ಕೆ ಚಾನೆಲ್ ದೊಡ್ಡದು ಮಾಡಿದೆ. ಬಿಟ್ಟು ಹೋಗುವ ಅಂದರೆ ಬದಲಿ ಸಿಗಬೇಕಲ್ಲ?"

ಸಭೆ ನಕ್ಕಿತು. ತಾರಾನಾಥನೂ ನಕ್ಕ. ಆಮೇಲೆ ನಗು ಅರ್ಧಕ್ಕೆ ನಿಂತಿತು.

"ಆರು ವರ್ಷದಿಂದ ಹುಡುಕಿದೆ. ದೊಡ್ಡ ದೊಡ್ಡವರನ್ನೇ ಕೇಳಿದೆ. ಎಲ್ಲರೂ ಬಿಜಿ. ಇವತ್ತು ಒಬ್ಬ ಮನುಷ್ಯ ಬೆಳಿಗ್ಗೆ ಒಂಬತ್ತರಿಂದ ನನ್ನೊಟ್ಟಿಗೆ ಇದ್ದ. ಮೂಟೆ ಹೊತ್ತ, ರಕ್ತ ಕೊಟ್ಟ, ಐವತ್ತೊಂದು ಜನರಿಂದ ಕೊಡಿಸಿದ, ಕಣ್ಣು ಕಾಣದೆ ಲಾರಿಗೆ ಅಡ್ಡ ನಿಂತ. ಒಮ್ಮೆಯೂ ಆಗುವುದಿಲ್ಲ ಅನ್ನಲಿಲ್ಲ. ನನ್ನ ಟ್ರಸ್ಟಿನ ಅಧ್ಯಕ್ಷ ಸ್ಥಾನಕ್ಕೆ ನಾನು ಈಗ ರಾಜೀನಾಮೆ ಕೊಡ್ತಾ ಇದ್ದೇನೆ. ನನ್ನ ಬದಲಿ ಇಲ್ಲೇ ನಿಂತಿದ್ದಾರೆ."

ಹೊದೆಸಿದ್ದ ಶಾಲನ್ನು ತೆಗೆದು ತಾರಾನಾಥನ ಹೆಗಲಿಗೆ ಹಾಕಿದರು. ಮುನ್ನೂರು ಜನ ಎದ್ದು ನಿಂತರು.

ಆ ಗಳಿಗೆಯಲ್ಲಿ ತಾರಾನಾಥನಿಗೆ ಎಲ್ಲಿಂದಲೋ ಧೈರ್ಯ ಬಂತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ, ಸ್ಪಷ್ಟವಾಗಿ ಹೇಳಿದ: "ಇಲ್ಲ ಸರ್. ನನ್ನಿಂದ ಆಗುವುದಿಲ್ಲ. ನಾನು ಸಣ್ಣವನು."

ಐತಾಳರ ಕಣ್ಣಲ್ಲಿ ನೀರು ಬಂತು. "ಕೇಳಿದಿರಾ? ಅವತ್ತು ನಾನು ಹೇಳಿದ್ದೂ ಇದೇ ಮಾತು! ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ!"

ಚಪ್ಪಾಳೆ ಇಮ್ಮಡಿಯಾಯಿತು. ಇಂಥ ವಿನಯವನ್ನು ಡೊಂಬಿವಲಿ ಕಂಡಿರಲಿಲ್ಲ. ಪುಂಡರೀಕಾಕ್ಷರಾಯರು ಓಡಿಬಂದು ಮೈಕು ಕಿತ್ತುಕೊಂಡರು. "ಅಷ್ಟು ದೊಡ್ಡ ಟ್ರಸ್ಟಿನ ಅಧ್ಯಕ್ಷರು ನಮ್ಮ ಸಂಘದ ಕಾರ್ಯದರ್ಶಿ ಅಂದ್ರೆ ನಮಗೆಷ್ಟು ಹೆಮ್ಮೆ! ಇಂಥವರನ್ನ ಬಿಟ್ಟುಕೊಡೋಕಾಗುತ್ತೇನ್ರೀ?" "ಇಲ್ಲ!" ಎಂದಿತು ಸಭೆ, ಸರ್ವಾನುಮತದಿಂದ. ಬಾಗಿಯವರು ಆರನೆಯ ರಾಜೀನಾಮೆಯನ್ನು ಎತ್ತಿ ಹಿಡಿದು ಹರಿದರು. ಹರಿದ ಸದ್ದಿಗೂ ಚಪ್ಪಾಳೆ ಬಿತ್ತು.

ಹಾಲ್‌ನ ಹೊರಗೆ ಐತಾಳರು ರಿಕ್ಷಾ ಹತ್ತುವಾಗ ಹತ್ತು ವರ್ಷ ಚಿಕ್ಕವರಾದ ಹಾಗಿದ್ದರು. "ಹಾ, ಇದು ಮರೆತಿದ್ದೆ," ಎಂದು ಜೇಬಿನಿಂದ ಒಂದು ಹಳೆಯ ಫೋನು ತೆಗೆದು ತಾರಾನಾಥನ ಕೈಗಿಟ್ಟರು. "ಟ್ರಸ್ಟಿನ ನಂಬರು. ಆಫ್ ಮಾಡ್ಲಿಕ್ಕಿಲ್ಲ."

ಇಟ್ಟ ಕೂಡಲೇ ಅದು ಬಡಿದುಕೊಂಡಿತು. ಆ ಕಡೆ ಒಬ್ಬ ಹೆಂಗಸು ಅಳುತ್ತಿದ್ದಳು. ಕಲ್ಯಾಣದ ಆಸ್ಪತ್ರೆ, ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಬಂದ ಬಸುರಿ, ಸೊಸೆ. ರಕ್ತ ಬೇಕು, ಓ ನೆಗೆಟಿವ್, ಈಗಲೇ.

ತಾರಾನಾಥ ಶಾಲು ಹೊದ್ದು ನಿಂತೇ ಇದ್ದ. ಪಕ್ಕದಲ್ಲಿ ಜಯಲತಾ. ಕೋಪರಖೈರಣೆಯ ಮಾತು ಈಗ ಬರುತ್ತದೆಂದು ಅವನು ಕಾದ.

"ಯಾವ ಗ್ರೂಪ್ ಅಂದ್ರು?" ಎಂದು ಕೇಳಿದಳು.

"ಓ ನೆಗೆಟಿವ್. ಸಿಗುವುದೇ ಕಷ್ಟ."

ಜಯಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನನ್ನದು ಅದೇ. ನಡೀರಿ. ಆದರೆ ಈಗಲೇ ಹೇಳಿದ್ದೇನೆ, ಇವತ್ತು ಒಂದು ದಿನ ಮಾತ್ರ."

ಹೊರಟಿದ್ದ ರಿಕ್ಷಾದಿಂದ ತಲೆ ಹೊರಗೆ ಹಾಕಿದ ಐತಾಳರು, ಆ ಮಾತು ಕಿವಿಗೆ ಬಿದ್ದು, ತಿರುವು ದಾಟುವ ತನಕ ನಗುತ್ತಲೇ ಇದ್ದರು.